ಸಂಶೋಧನಾ ಅನುದಾನಕ್ಕೆ ತೆರಿಗೆ ಇದೆಯೇ ಎಂದು ತಿಳಿಯುವುದು ಹೇಗೆ

ವ್ಯಕ್ತಿಯೊಬ್ಬರ ಹೆಸರಿಗೆ ಮಂಜೂರಾದ ಸಂಶೋಧನಾ ಹಣಕ್ಕೆ ತೆರಿಗೆ ಇದೆಯೇ ಎಂಬುದನ್ನು ಫೆಲೋಶಿಪ್, ಸ್ಟೈಪೆಂಡ್, ಗ್ರಾಂಟ್ ಎಂಬ ಹೆಸರುಗಳನ್ನು ನೋಡಿ ತೀರ್ಮಾನಿಸಲಾಗದು. ಮೊದಲು ಮಂಜೂರಾತಿ ಪತ್ರವನ್ನು ಪೂರ್ತಿ ಓದಬೇಕು. ಹಣ ಯಾವ ಉದ್ದೇಶಕ್ಕೆ, ಯಾರ ಖಾತೆಗೆ ಬರುತ್ತದೆ, ಅದಕ್ಕೆ ಪ್ರತಿಯಾಗಿ ಕೆಲಸವೇನಾದರೂ ಮಾಡಿಕೊಡಬೇಕೇ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ‘ವಾರಕ್ಕೆ ಆರು ಗಂಟೆ ಬೋಧಿಸತಕ್ಕದ್ದು’ ಎಂಬ ಒಂದೇ ಸಾಲು ಇದ್ದರೂ ಆ ಭಾಗ ಬಹುತೇಕ ಕಡೆ ಸಂಬಳವೆನಿಸಿಕೊಳ್ಳುತ್ತದೆ.

ಜರ್ಮನಿಯ ಆದಾಯ ತೆರಿಗೆ ಕಾನೂನಿನ 3ನೇ ಕಲಮು ಇದನ್ನು ನೇರವಾಗಿಯೇ ಹೇಳುತ್ತದೆ: ಸಾರ್ವಜನಿಕ ನಿಧಿಯಿಂದ ಬಂದ ಸಂಶೋಧನಾ ವೇತನವು ಸಂಶೋಧನೆಗೆ ಅಥವಾ ಜೀವನೋಪಾಯಕ್ಕೆ ಬೇಕಾದಷ್ಟನ್ನು ಮೀರದಿದ್ದರೆ, ಮತ್ತು ಪಡೆದವರು ಅದಕ್ಕೆ ಪ್ರತಿಯಾಗಿ ನಿರ್ದಿಷ್ಟ ಕೆಲಸ ಮಾಡಿಕೊಡಲು ಬದ್ಧರಾಗಿರದಿದ್ದರೆ, ಅದಕ್ಕೆ ತೆರಿಗೆ ಇಲ್ಲ. ಬ್ರಿಟನ್ನಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿಯ ವಿದ್ಯಾರ್ಥಿವೇತನಕ್ಕೆ ವಿನಾಯಿತಿ ಇದ್ದು, ಪಿಎಚ್‌ಡಿ ಸ್ಟೈಪೆಂಡ್ ಸಾಮಾನ್ಯವಾಗಿ ಅದರಲ್ಲೇ ಸೇರುತ್ತದೆ. ಆಸ್ಟ್ರೇಲಿಯದಲ್ಲಿಯೂ ಪೂರ್ಣಾವಧಿ ವ್ಯಾಸಂಗವೇ ಮುಖ್ಯ ಷರತ್ತು. ಆದ್ದರಿಂದ ನಡುವೆ ಅರೆಕಾಲಿಕ ವ್ಯಾಸಂಗಕ್ಕೆ ಬದಲಾಗುವ ಮುನ್ನ ತೆರಿಗೆಯ ಪರಿಣಾಮವನ್ನು ಲೆಕ್ಕ ಹಾಕಿಕೊಳ್ಳುವುದು ಅಗತ್ಯ.

ಅಮೆರಿಕದಲ್ಲಿ ಒಂದೇ ಮೊತ್ತವನ್ನು ಎರಡಾಗಿ ಒಡೆದು ನೋಡಬೇಕಾಗುತ್ತದೆ. ಪದವಿಗೆ ಓದುತ್ತಿರುವವರು ಬೋಧನಾ ಶುಲ್ಕ ಹಾಗೂ ಕೋರ್ಸಿಗೆ ಕಡ್ಡಾಯವಾದ ಪುಸ್ತಕ, ಸಲಕರಣೆಗಳಿಗೆ ಖರ್ಚು ಮಾಡಿದ ಭಾಗಕ್ಕೆ ತೆರಿಗೆ ಇಲ್ಲ. ಕೋಣೆ ಬಾಡಿಗೆ, ಊಟ, ಪ್ರಯಾಣಕ್ಕೆ ಹೋದದ್ದಕ್ಕೆ ಇದೆ. 1986ರ ತೆರಿಗೆ ಸುಧಾರಣಾ ಕಾಯ್ದೆಯು ಈ ವಿನಾಯಿತಿಯನ್ನು ಪದವಿ ವ್ಯಾಸಂಗದವರಿಗಷ್ಟೇ ಸೀಮಿತಗೊಳಿಸಿದ್ದರಿಂದ, ಪಿಎಚ್‌ಡಿ ಮುಗಿಸಿದ ಸಂಶೋಧಕರು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿನ ನಿವಾಸಿಗಳ ಫೆಲೋಶಿಪ್‌ನಿಂದ ಸಾಮಾನ್ಯವಾಗಿ ಮೂಲದಲ್ಲಿ ತೆರಿಗೆ ಕಡಿತವಾಗುವುದಿಲ್ಲ. ಹಣ ಪೂರ್ತಿ ಕೈಗೆ ಬಂತೆಂದು ತೆರಿಗೆಯೇ ಇಲ್ಲವೆಂದು ಭಾವಿಸಿದವರಿಗೆ ವರ್ಷದ ಕೊನೆಯಲ್ಲಿ ಬಾಕಿಯ ಜೊತೆಗೆ ದಂಡವೂ ಎದುರಾಗಬಹುದು. ವರ್ಷಕ್ಕೆ ನಾಲ್ಕು ಕಂತುಗಳಲ್ಲಿ ಅಂದಾಜು ತೆರಿಗೆ ಕಟ್ಟುವುದೇ ಇದಕ್ಕೆ ದಾರಿ.

ಕೆನಡಾದ ಪದ್ಧತಿ ನನಗೆ ಹೆಚ್ಚು ನ್ಯಾಯಯುತವಾಗಿ ಕಾಣುತ್ತದೆ. ಅಲ್ಲಿ ಸಂಶೋಧನಾ ಅನುದಾನವು ಆದಾಯವೇ ಆದರೂ, ಆ ಕೆಲಸಕ್ಕೆಂದೇ ಮಾಡಿದ ಖರ್ಚನ್ನು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಸಹಾಯಕರಿಗೆ ಕೊಟ್ಟ ಸಂಬಳ, ಪ್ರಯೋಗದ ಸಾಮಗ್ರಿ, ಕ್ಷೇತ್ರಕಾರ್ಯಕ್ಕಾಗಿ ಮನೆಯಿಂದ ದೂರ ಹೋದಾಗಿನ ಪ್ರಯಾಣ, ವಸತಿ, ಊಟ ಇವನ್ನು ಕಳೆಯಬಹುದು. ತಾವು ವಾಸಿಸುವ ಮನೆಯ ಬಾಡಿಗೆಯನ್ನು ಕಳೆಯುವಂತಿಲ್ಲ. ಹೀಗಾಗಿ ಪ್ರತಿ ರಸೀದಿಯ ಹಿಂಬದಿಯಲ್ಲಿ ಯಾವ ದಿನ, ಯಾವ ಊರಿನಲ್ಲಿ, ಯಾವ ಕೆಲಸಕ್ಕೆ ಎಂದು ಅಂದೇ ಬರೆದಿಟ್ಟುಕೊಳ್ಳಿ.

ಹಣ ಗಡಿ ದಾಟಿ ಬಂದಾಗ ಎರಡು ದೇಶಗಳ ಕಾನೂನನ್ನು ನೋಡಬೇಕು. ಕೊಡುವ ದೇಶದಲ್ಲಿ ವಿನಾಯಿತಿ ಇದೆಯೆಂದ ಮಾತ್ರಕ್ಕೆ ನೀವು ನಿವಾಸಿಯಾಗಿರುವ ದೇಶ ಅದನ್ನು ಬಿಟ್ಟುಕೊಡಬೇಕೆಂದೇನಿಲ್ಲ. ಇಂಥಲ್ಲಿ ಎರಡೂ ದೇಶಗಳ ನಡುವಿನ ತೆರಿಗೆ ಒಪ್ಪಂದದಲ್ಲಿ ವಿದ್ಯಾರ್ಥಿಗಳು ಮತ್ತು ಸಂಶೋಧಕರ ಕುರಿತ ವಿಧಿಯನ್ನು ಹುಡುಕಿ, ಅದರ ಕಾಲಮಿತಿಯನ್ನು ಗಮನವಿಟ್ಟು ಓದಿ. ಉದಾಹರಣೆಗೆ, ಅಮೆರಿಕವು ಎಫ್ (ವಿದ್ಯಾರ್ಥಿ) ಅಥವಾ ಜೆ (ವಿನಿಮಯ ಕಾರ್ಯಕ್ರಮ) ವೀಸಾದಲ್ಲಿರುವ ಅನಿವಾಸಿಗಳ ಫೆಲೋಶಿಪ್‌ನ ತೆರಿಗೆಯೋಗ್ಯ ಭಾಗದಿಂದ ಸಾಮಾನ್ಯವಾಗಿ ಶೇ 14ರಷ್ಟನ್ನು ಮೂಲದಲ್ಲೇ ಕಡಿತ ಮಾಡುತ್ತದೆ. ಒಪ್ಪಂದದ ಲಾಭ ಬೇಕಿದ್ದವರು ಹಣ ಬಿಡುಗಡೆಯಾಗುವ ಮುನ್ನವೇ ತಾವು ಅಲ್ಲಿನ ನಿವಾಸಿಯಲ್ಲವೆಂದು ತಿಳಿಸುವ ಡಬ್ಲ್ಯು-8ಬೆನ್ ನಮೂನೆಯನ್ನು ಹಣ ಕೊಡುವವರಿಗೆ ಸಲ್ಲಿಸಬೇಕು. ಕಡಿತವಾಗಿದ್ದರೆ ಅದರ ವಿವರವಿರುವ 1042-ಎಸ್ ನಮೂನೆಯನ್ನು ಪಡೆದು ಜೋಪಾನವಾಗಿಡಿ. ನಿಮ್ಮ ದೇಶದಲ್ಲಿ ವಿದೇಶಿ ತೆರಿಗೆಯ ಜಮೆ, ಅಂದರೆ ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ, ಕೇಳುವಾಗ ಅದು ಆಧಾರವಾಗುತ್ತದೆ.

ಪತ್ರಕ್ಕೆ ಸಹಿ ಹಾಕುವ ಮುನ್ನವೇ ಶುಲ್ಕ, ಸಂಶೋಧನಾ ವೆಚ್ಚ, ಜೀವನ ವೆಚ್ಚಗಳನ್ನು ಬೇರೆ ಬೇರೆಯಾಗಿ ನಮೂದಿಸಿಕೊಡುವಂತೆ ಕೇಳಿ. ಸಲಕರಣೆಯ ಹಣವನ್ನು ನಿಮ್ಮ ಖಾತೆಗೆ ಹಾಕುವ ಬದಲು ಸಂಸ್ಥೆಯ ಮೂಲಕವೇ ಪಾವತಿಸಲು ಸಾಧ್ಯವೇ ಎಂಬುದನ್ನೂ ಆಗಲೇ ವಿಚಾರಿಸಿ.