ಮೊಣಕಾಲು ಆಪರೇಷನ್‌ಗೆ ಮೂರು ತಿಂಗಳು ಮೊದಲೇ ತಯಾರಿ ಶುರು ಮಾಡಿ

ರಾಯಚೂರಿನಲ್ಲಿ ಫಿಜಿಯೋಥೆರಪಿ ಮಾಡಿಸುವ ನನ್ನ ಬಳಿ ಬರುವವರ ಮೊದಲ ಪ್ರಶ್ನೆ ಒಂದೇ: "ರೋಬೊ ಆಪರೇಷನ್ ಮಾಡಿಸ್ಬೇಕಾ, ಸಾದಾದು ಸಾಕಾ?" ಶುಗರ್ ಎಷ್ಟಿದೆ, ಕಾಲಲ್ಲಿ ಹುಣ್ಣಿದೆಯಾ ಅಂತ ನಾನು ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಇದೇ ಕಾರಣಕ್ಕೆ ಆಪರೇಷನ್ ಆಗದೆ, ಅಡ್ಮಿಟ್ ಆದ ದಿನವೇ ಮನೆಗೆ ವಾಪಸ್ ಬಂದವರನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಸವೆದ ಮೊಣಕಾಲ ಕೀಲು ಬದಲಿಸುವ ಈ ಆಪರೇಷನ್ ಬೇಕೇ ಅಂತ ಖಾತ್ರಿ ಮಾಡಿಕೊಳ್ಳಿ. ತೂಕ ಇಳಿಸಿ, ತೊಡೆಯ ವ್ಯಾಯಾಮ ಮಾಡಿ, ಮಾತ್ರೆ ನುಂಗಿದ ಮೇಲೂ ನೋವು ನಿದ್ದೆ ಕೆಡಿಸುತ್ತಿದ್ದರೆ ಮುಂದುವರಿಯಿರಿ.

ಎರಡನೆಯದು ಎಕ್ಸ್‌ರೇ. ನಿಂತುಕೊಂಡೇ ತೆಗೆಸಿ. ಮಲಗಿದಾಗ ಕಾಲಿನ ಮೇಲೆ ಭಾರ ಬೀಳುವುದಿಲ್ಲ, ಸವೆತ ಕಡಿಮೆ ಕಾಣುತ್ತದೆ. ಕಾಲು ಬಿಲ್ಲಿನಂತೆ ಬಾಗಿದ್ದರೆ ಸೊಂಟದಿಂದ ಹಿಮ್ಮಡಿವರೆಗಿನ ಉದ್ದ ಫಿಲ್ಮ್ ಬೇಕು. ಎಲುಬನ್ನು ಯಾವ ಕೋನದಲ್ಲಿ ಕೊಯ್ಯಬೇಕು, ಯಾವ ಸೈಜಿನ ಇಂಪ್ಲಾಂಟ್ (ಕೃತಕ ಕೀಲು) ಬೇಕು ಅಂತ ಸರ್ಜನ್ ಮೊದಲೇ ಅಂದಾಜು ಹಾಕುವುದು ಇದರಿಂದಲೇ. ನಮ್ಮ ಕಡೆ "ಚಿಪ್ಪು ಬದಲಿಸೋದು" ಅನ್ನುತ್ತಾರೆ. ನಿಜಕ್ಕೂ ಬದಲಿಸುವುದು ತೊಡೆ ಎಲುಬಿನ ತುದಿಯನ್ನು ಮತ್ತು ಕೆಳಗಾಲಿನ ಎಲುಬಿನ ತಲೆಯನ್ನು. ಎರಡಕ್ಕೂ ಲೋಹ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ.

ರೋಬೊ ತಾನೇ ಆಪರೇಷನ್ ಮಾಡುವುದಿಲ್ಲ. ಸಿ.ಟಿ. ಸ್ಕ್ಯಾನ್‌ನಿಂದಲೋ, ಆಪರೇಷನ್ ಹೊತ್ತಿನಲ್ಲೇ ಎಲುಬನ್ನು ಅಳೆದೋ ನಕ್ಷೆ ತಯಾರಾಗುತ್ತದೆ. ಸರ್ಜನ್ ಕೈ ಆ ನಕ್ಷೆ ದಾಟದಂತೆ ಯಂತ್ರ ನೋಡಿಕೊಳ್ಳುತ್ತದೆ. ಅಳತೆ ಜಾಸ್ತಿ ಕರಾರುವಾಕ್ಕು, ನಿಜ. ಆದರೆ ವರ್ಷ ಕಳೆದ ಮೇಲೆ ನೋವಿನಲ್ಲಿ, ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಇನ್ನೂ ಕಂಡಿಲ್ಲ. ಅದಕ್ಕಾಗಿ ಹೊಲ ಮಾರಬೇಡಿ. ಇಂತಹ ಆಪರೇಷನ್‌ಗಳನ್ನು ಹೆಚ್ಚು ಮಾಡಿದ ಸರ್ಜನ್ ಹುಡುಕಿ. ಮೊಣಕಾಲಿನ ಇಂಪ್ಲಾಂಟ್‌ಗೆ 2017ರಲ್ಲೇ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿದೆ. ಬಿಲ್ಲಿನಲ್ಲಿ ಅದರ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ.

ಜನ ಎಡವುವುದು ದೇಹದ ತಯಾರಿಯಲ್ಲಿ. ಕೀಲಿನೊಳಗೆ ಕೂತ ಲೋಹಕ್ಕೆ ರಕ್ತ ಹರಿಯುವುದಿಲ್ಲ. ಅಲ್ಲಿ ಕೀಟಾಣು ಅಂಟಿದರೆ ಔಷಧಿ ಮುಟ್ಟುವುದು ಕಷ್ಟ. ಒಮ್ಮೊಮ್ಮೆ ಇಡೀ ಇಂಪ್ಲಾಂಟ್ ತೆಗೆದು ಮತ್ತೆ ಹಾಕಬೇಕಾಗುತ್ತದೆ. ಆ ಕೀಟಾಣು ಬರುವ ದಾರಿ ಹುಳುಕು ಹಲ್ಲು, ಉರಿಮೂತ್ರ, ಕಾಲಿನ ಗಾಯ. ತುಂಗಭದ್ರಾ ಕಾಲುವೆ ಕಡೆ ನೆಲ್ಲು ಹಚ್ಚುವ ಹೆಣ್ಮಕ್ಕಳ ಕಾಲ್ಬೆರಳ ಸಂದಿ ಕೆಸರಿನಲ್ಲಿ ಕೊಳೆತಿರುತ್ತದೆ, ಹಿಮ್ಮಡಿ ಒಡೆದಿರುತ್ತದೆ. ಸಿಂಧನೂರು ಕಡೆಯ ಒಬ್ಬ ಅವ್ವನ ಆಪರೇಷನ್ ಹೀಗೇ ಮುಂದಕ್ಕೆ ಹೋಯಿತು. "ಬೆರಳಿಗೂ ಮೊಣಕಾಲಿಗೂ ಏನು ಸಂಬಂಧ ತಾಯಿ?" ಅಂತ ನನ್ನನ್ನೇ ಕೇಳಿದರು. ದಿನಾ ಕಾಲು ತೊಳೆದು, ಸಂದಿ ಒರೆಸಿ ಒಣಗಿಸಿ. ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿ. ಗದ್ದೆಗೆ ಇಳಿಯಬೇಡಿ.

ಶುಗರ್ ಇದ್ದವರು ಬೆಳಗಿನ ಟೆಸ್ಟ್ ಒಂದನ್ನೇ ನಂಬಬೇಡಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಅದು ಶೇಕಡಾ 7.5–8ರೊಳಗೆ ಇರಲಿ ಅನ್ನುವ ಸರ್ಜನ್‌ಗಳೇ ಹೆಚ್ಚು. ಆ ಅಂಕಿ ಒಂದು ವಾರ ಪಥ್ಯ ಮಾಡಿದರೆ ಇಳಿಯುವುದಿಲ್ಲ. ಬೀಡಿ, ಗುಟ್ಕಾ ಬಿಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಮಾತು. ಮೊಣಕಾಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿ ಮೂರು ತಿಂಗಳೊಳಗೆ ಆಪರೇಷನ್ ಆದರೆ ಸೋಂಕಿನ ಭಯ ಜಾಸ್ತಿ. ಹಾಕಿಸಿಕೊಂಡಿದ್ದರೆ ಸರ್ಜನ್‌ಗೆ ತಾರೀಕು ಹೇಳಿ. ಹೆಸರಿಲ್ಲದ ಪೊಟ್ಟಣದ "ವಾತದ ಪುಡಿ" ಮುಟ್ಟಲೇಬೇಡಿ, ಎಷ್ಟೋ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಬೆಲ್ಟ್ ಕಟ್ಟಿದರೆ ಬಾಗಿದ ಕಾಲು ನೆಟ್ಟಗಾಗುವುದಿಲ್ಲ.

ಮನೆಯಲ್ಲಿ ಕುರ್ಚಿಯಂತೆ ಕೂರುವ ಕಮೋಡ್, ಎತ್ತರದ ಮಂಚ ಇರಲಿ. ವಾಕರ್ ಕೊಳ್ಳುವಾಗ ಕಾಲಿನ ರಬ್ಬರ್ ನೋಡಿ. ಸವೆದದ್ದು ನುಣುಪು ಬಂಡೆ ನೆಲದಲ್ಲಿ ಜಾರುತ್ತದೆ.

ಈಗಿನಿಂದಲೇ ವ್ಯಾಯಾಮ ಶುರು ಮಾಡಿ. ಕಾಲು ಚಾಚಿ, ಮೊಣಕಾಲನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ, ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಪರೇಷನ್ ಆದ ಮರುದಿನದೊಳಗೇ ನಿಮ್ಮನ್ನು ನಿಲ್ಲಿಸಿ ನಡೆಸುತ್ತಾರೆ, ಆಗ ಈ ತೊಡೆಯ ಬಲವೇ ಕೈಹಿಡಿಯುವುದು. ಮನೆಗೆ ಬಂದ ಮೇಲೆ "ಪಾಪ, ನೋವು" ಅಂತ ಯಾರಾದರೂ ಮೊಣಕಾಲ ಕೆಳಗೆ ದಿಂಬು ಇಟ್ಟರೆ ತೆಗೆಸಿಬಿಡಿ. ಮಡಚಿದ ಕಾಲು ಹಾಗೇ ಬಿಗಿದುಕೊಳ್ಳುತ್ತದೆ. ದಿಂಬು ಬೇಕೇ ಬೇಕಾದರೆ ಹಿಮ್ಮಡಿ ಕೆಳಗೆ ಇಡಿ.