ನ್ಯೂರಾನ್ ಸಿಮ್ಯುಲೇಟರ್ ಅನ್ನು ವೆನ್ವ್ ಒಳಗೆ ಹಾಕುವ ಬಗೆ

ನ್ಯೂರಾನ್ ಎಂದರೆ ನರಕೋಶಗಳ ವರ್ತನೆಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಾಫ್ಟ್‌ವೇರ್; ವೆನ್ವ್ ಎಂದರೆ ಸಿಸ್ಟಮ್‌ಗೆ ತಾಗದಂತೆ ಪೈಥಾನ್ ಪ್ಯಾಕೇಜ್‌ಗಳನ್ನು ಇಡುವ ಪ್ರತ್ಯೇಕ ಫೋಲ್ಡರ್. ಹುಬ್ಬಳ್ಳಿ-ಧಾರವಾಡದ ಕಾಲೇಜು ಲ್ಯಾಬ್‌ನಲ್ಲಿ ಒಂದೇ ಉಬುಂಟು (ಲಿನಕ್ಸ್) ಮಷಿನ್ ಹಲವರ ಕೈಗೆ ಸಿಗುತ್ತದೆ. ಸಿಸ್ಟಮ್ ಪೈಥಾನ್ ತಂಟೆಗೆ ಹೋಗಬೇಡಿ. ಹೊಸ ಉಬುಂಟುಗಳಂತೂ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಅನ್ನು ತಡೆದೇಬಿಡುತ್ತವೆ.

ಉಬುಂಟುವಿನ ಇನ್‌ಸ್ಟಾಲರ್ ಆಪ್ಟ್‌ನಿಂದ ಪೈಥಾನ್3-ವೆನ್ವ್, ಬಿಲ್ಡ್-ಎಸೆನ್ಷಿಯಲ್ (ಕಂಪೈಲರ್‌ಗಳು) ಎರಡನ್ನೂ ಹಾಕಿಸಿ. ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದು ಇಲ್ಲಿ ಮಾತ್ರ. ಹೋಮ್ ಫೋಲ್ಡರ್‌ನಲ್ಲಿ ವೆನ್ವ್ ಮಾಡಿ, ಆಕ್ಟಿವೇಟ್ ಮಾಡಿ. ಪ್ರಾಂಪ್ಟ್‌ನ ಎಡಕ್ಕೆ ಅದರ ಹೆಸರು ಕಾಣಬೇಕು. ಹೆಸರಿನಲ್ಲಿ ಸ್ಪೇಸ್ ಬೇಡ. ಆಮೇಲೆ ಹೆಸರು ಬದಲಿಸಲೂಬೇಡಿ: ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ಪಾತ್ ಬರೆದಿರುತ್ತದೆ, ಮುರಿದುಬೀಳುತ್ತವೆ.

ಈಗ ‘ಪಿಪ್ ಇನ್‌ಸ್ಟಾಲ್ ನ್ಯೂರಾನ್’. ‘ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಷನ್’ ಬಂದರೆ ನೆಟ್ ಅನ್ನು ಬೈಯುವ ಮೊದಲು ಪೈಥಾನ್ ಆವೃತ್ತಿ ನೋಡಿ. ತೀರಾ ಹೊಸದಕ್ಕೆ ವ್ಹೀಲ್ (ಸಿದ್ಧ ಪ್ಯಾಕೇಜ್ ಫೈಲ್) ಇನ್ನೂ ಬಂದಿರುವುದಿಲ್ಲ. ಒಂದು ಆವೃತ್ತಿ ಹಿಂದಿನದರಿಂದ ವೆನ್ವ್ ಮತ್ತೆ ಮಾಡಿ. ಗದಗ ಕಡೆಯ ಊರಿನಲ್ಲಿ ನೆಟ್ ಕೈಕೊಡುವುದಾದರೆ ಲ್ಯಾಬ್‌ನಲ್ಲೇ ‘ಪಿಪ್ ಡೌನ್‌ಲೋಡ್’ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಎರಡೂ ಮಷಿನ್‌ಗಳ ಓಎಸ್, ಪೈಥಾನ್ ಒಂದೇ ಇರಬೇಕು. ವಿಂಡೋಸ್‌ನವರಿಗೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಸಲೀಸು.

ಹೆಚ್ಚಿನವರು ಎಡವುವುದು ಮಾಡ್ ಫೈಲ್‌ಗಳಲ್ಲಿ, ಅಂದರೆ ನರಕೋಶದ ಅಯಾನ್ ಚಾನೆಲ್‌ಗಳಂಥವನ್ನು ವಿವರಿಸುವ ಫೈಲ್‌ಗಳಲ್ಲಿ. ಅವಿರುವ ಫೋಲ್ಡರ್‌ನಲ್ಲಿ ‘ಎನ್‌ಆರ್‌ಎನ್‌ಐವಿಮಾಡ್ಎಲ್’ (nrnivmodl) ಓಡಿಸಿ ಅವನ್ನು ಕಂಪೈಲ್ ಮಾಡಿ, ಪೈಥಾನ್ ಅನ್ನೂ ಅಲ್ಲಿಂದಲೇ ಶುರುಮಾಡಿ. ಬೇರೆ ಕಡೆಯಿಂದ ತೆರೆದರೆ ಕಂಪೈಲ್ ಆದ ಚಾನೆಲ್‌ಗಳು ತಾವಾಗಿ ಲೋಡ್ ಆಗುವುದಿಲ್ಲ.

ಪರೀಕ್ಷೆಗೆ ಪೈಥಾನ್‌ನಲ್ಲಿ ನ್ಯೂರಾನ್‌ನಿಂದ ಎಚ್ (h) ಇಂಪೋರ್ಟ್ ಮಾಡಿ, ಅದರ ಸೆಲ್ಸಿಯಸ್ (h.celsius, ಸಿಮ್ಯುಲೇಷನ್‌ನ ತಾಪಮಾನ) ಪ್ರಿಂಟ್ ಮಾಡಿ: 6.3 ಬರಬೇಕು. ಇದು 1952ರ ಹಾಜ್‌ಕಿನ್-ಹಕ್ಸ್‌ಲಿ ಮಾದರಿಯ ತಾಪಮಾನ; ಆ ಮಾದರಿ ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವಿನದು. ಧಾರವಾಡದ ಏಪ್ರಿಲ್ ಬಿಸಿಲಿನ 35 ಡಿಗ್ರಿ ಕೊಟ್ಟರೆ ಈ ಮಾದರಿಯ ಸ್ಪೈಕ್ (ನರದ ವಿದ್ಯುತ್ ಮಿಡಿತ) ಕುಗ್ಗುತ್ತದೆ. ಅದು ಇನ್‌ಸ್ಟಾಲ್ ದೋಷವಲ್ಲ.