ಅಜ್ಜನ ರಿವಾಲ್ವರ್‌ಗೆ ಪಿಸ್ತೂಲಿನ ತೋಟಾ: ನನ್ನ ಅನುಭವ

ಹೋದ ತಿಂಗಳು ಬೆಂಗಳೂರಿನ ರೇಂಜಿನಲ್ಲಿ ಅಜ್ಜನ ರಿವಾಲ್ವರಿನಿಂದ 50 ತೋಟಾಕ್ಕೆ 49 ಹಾರಿದವು. ಉಳಿದ ಒಂದು ಎರಡನೇ ಸಲ ಹೊಡೆದಾಗ ಹಾರಿತು. ‘ಪಿಸ್ತೂಲಿನ ತೋಟಾ ರಿವಾಲ್ವರ್‌ಗೆ ಹಾಕಿ ಬೆರಳು ಕಳ್ಕೊಂತೀಯ’ ಅಂತ ದಾವಣಗೆರೆಯಲ್ಲಿ ಬೆಣ್ಣೆದೋಸೆ ಮುಂದೆ ಕೂತು ಮೂರು ವರ್ಷ ಹೇಳಿದವರಿಗೆಲ್ಲ ಆ ಟಾರ್ಗೆಟ್ ಕಾಗದ ತಂದು ತೋರಿಸಿದ್ದೇನೆ.

ಅಜ್ಜ ಹತ್ತಿ ವ್ಯಾಪಾರದವರು. ಸಂತೆಯ ದುಡ್ಡು ತರುವಾಗ ಇರಲಿ ಅಂತ ಇಟ್ಟುಕೊಂಡಿದ್ದ ಬೆಲ್ಜಿಯಂನ ಐದು ಗುಂಡಿನ ಜೇಬು ರಿವಾಲ್ವರ್ ಇದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನ್ನ ಲೈಸೆನ್ಸಿಗೆ ಬಂತು. ಲೈಸೆನ್ಸಿನಲ್ಲಿ ಬರೆದಿರುವುದು ‘.32 ರಿವಾಲ್ವರ್’ ಅಂತ ಅಷ್ಟೇ. ಎಡವಟ್ಟಾಗಿದ್ದು ಅಲ್ಲೇ. ಅಂಗಡಿಯವನು ರಿವಾಲ್ವರ್ ಅಂದ ಕೂಡಲೇ ಉದ್ದದ .32 ಕೊಟ್ಟ, ನಾನೂ ನೋಡದೆ ಹತ್ತು ತಂದೆ. ಸಾವಿರದ ಮೇಲೆ ಹೋಯಿತು. ಅದರ ಕೇಸು, ಅಂದರೆ ಹಿತ್ತಾಳೆ ಕವಚ, 23 ಮಿ.ಮೀ., ನಮ್ಮ ಸಿಲಿಂಡರಿನ ಗೂಡು 17ಕ್ಕೆ ಕೊರೆದದ್ದು. ಅರ್ಧ ಹೋಗಿ ನಿಂತವು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಫ್ರೇಮಿನ ಮೇಲೆ ಸಣ್ಣಗೆ 7.65 ಅಂತಿದೆ. ಅಂದರೆ 1899ರ ಬ್ರೌನಿಂಗ್ ಪಿಸ್ತೂಲಿನ ಗಿಡ್ಡ ತೋಟಾ, ನಾವು .32 ಎ.ಸಿ.ಪಿ. ಅನ್ನುವುದು. ಬೆಲ್ಜಿಯಂನ ಲೀಜ್ ಊರಿನ ಪರೀಕ್ಷಾ ಮುದ್ರೆಗಳ ಪಕ್ಕದಲ್ಲಿ ಸಿಂಹದ ಕೆಳಗೆ ಪಿ.ವಿ. ಅಂತಲೂ ಇತ್ತು, ಹೊಗೆರಹಿತ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ಆ ಗುರುತು ಇಲ್ಲದಿದ್ದರೆ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ.

ಇದರ ತಿರುವುಮುರುವು ಮಾಡುವವರೂ ಇದ್ದಾರೆ, ಉದ್ದದ .32ರ ರಿವಾಲ್ವರ್‌ಗೆ ಎ.ಸಿ.ಪಿ. ತುರುಕುವವರು. ಬೇಡ. ಉದ್ದದ ತೋಟಾದ ಒತ್ತಡದ ಮಿತಿ 15,000 ಪಿ.ಎಸ್.ಐ., ಎ.ಸಿ.ಪಿ.ಯದು 20,500. ಹಳೇ ಮಡಚುವ ಫ್ರೇಮು ತಡೆಯುವುದಿಲ್ಲ.

ನಮ್ಮ ಗೆಳೆಯರು ಎತ್ತುತ್ತಿದ್ದ ಇನ್ನೊಂದು ತಕರಾರು, ಪಿಸ್ತೂಲಿನ ತೋಟಾಕ್ಕೆ ರಿಮ್ (ಬುಡದ ಚಾಚಿದ ಅಂಚು) ಇಲ್ಲ, ಸಿಲಿಂಡರಿನಲ್ಲಿ ನಿಲ್ಲುವುದಿಲ್ಲ ಅಂತ. .45ಕ್ಕೆ ಆ ಮಾತು ನಿಜ. ಮೊದಲ ಮಹಾಯುದ್ಧದಲ್ಲಿ ಅಮೆರಿಕದವರು ಪಿಸ್ತೂಲು ಸಾಲದೆ 1917ರ ಮಾದರಿಯ ರಿವಾಲ್ವರ್ ಮಾಡಿದಾಗ ಮೂರು ಮೂರು ತೋಟಾ ಹಿಡಿಯುವ ಅರ್ಧಚಂದ್ರ ಕ್ಲಿಪ್ಪು ಬೇಕಾಯಿತು. ನಮ್ಮ .32ಕ್ಕೆ ಅದೇನೂ ಬೇಡ. ಅದಕ್ಕೆ ಅರೆ ರಿಮ್ ಇದೆ, ಉಗುರು ಸವರಿದರೆ ಗೊತ್ತಾಗುತ್ತದೆ. ಆ ಕೂದಲೆಳೆ ಅಂಚಿನ ಮೇಲೆ ತೋಟಾ ಟಕ್ ಅಂತ ಕೂರುತ್ತದೆ.

ಸರಿಯಾದ ತೋಟಾ ತಂದರೂ ಮೊದಲ ಸುತ್ತಿನಲ್ಲಿ ಐದಕ್ಕೆ ಎರಡೇ ಹಾರಿದ್ದು. ತೋಟಾದ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್ ಮೇಲೆ ಪಿನ್ನಿನ ಗುರುತು ಸಾಸಿವೆ ಒತ್ತಿದ ಹಾಗೆ, ತೀರಾ ತೆಳು. ಸುತ್ತಿಗೆಯನ್ನು ತಳ್ಳುವ ಮೇನ್ ಸ್ಪ್ರಿಂಗ್ ಸತ್ತಿತ್ತು. ಬೆಂಗಳೂರಿನಲ್ಲಿ ಲೈಸೆನ್ಸ್ ಇರುವ ಒಬ್ಬ ಮಿಸ್ತ್ರಿ ಆರು ಸಾವಿರ ತಗೊಂಡು ಹೊಸದು ಹಾಕಿದ. ಟ್ರಿಗರ್ ಎಷ್ಟು ಬಿಗಿಯಾಯಿತೆಂದರೆ ಎಳೆಯುವಷ್ಟರಲ್ಲಿ ಗುರಿ ಎಡಕ್ಕೆ ಹೋಗುತ್ತಿತ್ತು. ಎರಡನೆಯವನ ಹತ್ತಿರ ಇನ್ನೊಂದು ನಾಲ್ಕೂವರೆ ಸಾವಿರ. ಅವನು ಆ ಸ್ಪ್ರಿಂಗ್ ಪಟ್ಟಿ ಯಾವುದರಿಂದ ಮಾಡಿದ ಅಂತ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಓಡಾಟ, ತೋಟಾ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿದೆ.

ಮಧ್ಯೆ ಒಂದು ಹುಚ್ಚು ಹಿಡಿದಿತ್ತು. ಠುಸ್ ಆಗುವ ತೋಟಾ ಮೊದಲೇ ಕಂಡುಹಿಡಿಯಬಹುದಾ ಅಂತ ಅಕ್ಕಸಾಲಿ ಗೆಳೆಯನ ತಕ್ಕಡಿಯಲ್ಲಿ ಇಪ್ಪತ್ತು ತೂಗಿಸಿದೆ. ಎಲ್ಲವೂ ಏಳು ಎಂಟು ಗ್ರಾಂ ನಡುವೆ. ಹಗುರ ಇದ್ದವನ್ನು ಗುರುತು ಹಾಕಿಟ್ಟೆ, ಅವೇ ಚೆನ್ನಾಗಿ ಹಾರಿದವು.

ಆಯುಧಪೂಜೆಗೆ ಅಮ್ಮ ಸಿಲಿಂಡರಿಗೇ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಅದರ ಪುಡಿ ಎಣ್ಣೆ ಜೊತೆ ಕಲಸಿ ತಿರುಗುವ ಕಡೆಯೆಲ್ಲ ಗಟ್ಟಿಯಾಗಿತ್ತು. ಬಿಡಿಸಲು ಎರಡು ದಿನ, ಒಂದು ಹಲ್ಲುಜ್ಜುವ ಬ್ರಷ್. ಈಗ ಪೂಜೆ ಪೆಟ್ಟಿಗೆಗೆ.

ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ನಮಗಿರುವುದು ಎರಡೇ ಆಯುಧದ ಅವಕಾಶ. ನನ್ನ ಇನ್ನೊಂದು .32 ಪಿಸ್ತೂಲು. ಈಗ ಎರಡಕ್ಕೂ ಒಂದೇ ತೋಟಾ, ಒಂದೇ ಡಬ್ಬಿ. ಹತ್ತು ಮೀಟರಿನಲ್ಲಿ ಪಿಸ್ತೂಲಿನ ಗುಂಡುಗಳು ಬಿದ್ದ ಗುಂಪು ಅಂಗೈಯಷ್ಟು, ರಿವಾಲ್ವರ್‌ದು ಊಟದ ತಟ್ಟೆಯಷ್ಟು. ನಳಿಗೆ ಎರಡೇ ಇಂಚು, ಒಪ್ಪಿದೆ. ಆದರೆ ಅದೇ ಡಬ್ಬಿಯ ಸಪ್ಪೆ ತೋಟಾವೊಂದು ಪಿಸ್ತೂಲಿನಲ್ಲಿ ಖಾಲಿ ಕೇಸನ್ನು ಸ್ಲೈಡಿಗೆ ಕಚ್ಚಿಸಿ ನಿಲ್ಲಿಸಿಬಿಟ್ಟಿತು, ಎರಡು ಕೈ ಬೇಕಾಯಿತು ಬಿಡಿಸಲು. ರಿವಾಲ್ವರ್‌ಗೆ ಗುಂಡಿನ ಬಲದಿಂದ ಏನೂ ಆಗಬೇಕಿಲ್ಲ, ಸಿಲಿಂಡರ್ ತಿರುಗಿಸುವುದು ನನ್ನ ಬೆರಳು. ರೇಂಜಿನಲ್ಲಿ ಮಾತ್ರ ಠುಸ್ ಅಂದದ್ದಕ್ಕೂ, ಸದ್ದು ಸಪ್ಪೆಯಾದದ್ದಕ್ಕೂ ಮೂತಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯುತ್ತೇನೆ. ಸಪ್ಪೆ ಸದ್ದಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ತೋಟಾ ತೆಗೆದು ನಳಿಗೆ ನೋಡದೆ ಮುಂದಿನದು ಹೊಡೆಯುವುದಿಲ್ಲ.

ಅಡಿಕೆ ದುಡ್ಡು ತರುವ ದಿನ ಈಗ ಜೊತೆಗೆ ಬರುವುದು ಅಜ್ಜನದೇ.